ಬಸ್ಸಿನ ಬೋರ್ಡು ಬರೆದ ರಜೆ

ದ್ವಿತೀಯ ಪಿಯುಸಿ ಪರೀಕ್ಷೆ, ಅದರ ಹಿಂದೆಯೇ ಸಿಇಟಿ, ಎರಡೂ ಮುಗಿದು ಮೂಡಬಿದ್ರೆಯ ಹಾಸ್ಟೆಲಿನಿಂದ ಪಾಣೆಮಂಗಳೂರಿನ ಮನೆಗೆ ಬಂದಿದ್ದೆ. ಮರುದಿನವೂ ಐದಕ್ಕೇ ಎಚ್ಚರವಾಯಿತು. ಎರಡು ವರ್ಷ ಅದೇ ಹೊತ್ತಿಗೆ ವಾರ್ಡನ್ ಬಾಗಿಲು ತಟ್ಟುತ್ತಿದ್ದರು. ಬೆಳಗಿನ ನಮಾಜು ಮುಗಿಸಿ ಮೇಜಿನ ಮುಂದೆ ಕುಳಿತರೆ ಓದಲು ಏನೂ ಇರಲಿಲ್ಲ. ಉಮ್ಮ ಚಹಾ ತಂದಾಗ ನಾನು ರಜೆಗೊಂದು ಟೈಮ್‌ಟೇಬಲ್ ಹಾಕುತ್ತಿದ್ದೆ. ಹತ್ತರಿಂದ ಹನ್ನೊಂದು ವಿಶ್ರಾಂತಿ ಎಂದು ಬರೆದದ್ದನ್ನು ನೋಡಿ ಅವರಿಗೆ ನಗು ಬಂತು. ನನಗೆ ಬರಲಿಲ್ಲ. ನಾಲ್ಕು ದಿನ ಆ ಹಾಳೆಯ ಪ್ರಕಾರ ವಿಶ್ರಾಂತಿ ಮಾಡಿ ಸುಸ್ತಾಯಿತು.

ಐದನೆಯ ದಿನ ಹೊಲಿಗೆಗೆ ಕೊಟ್ಟ ಬಟ್ಟೆ ತರಲು ಪೇಟೆಗೆ ಹೋಗುವಾಗ ಪೈಂಟರ್ ಮಾಮನ ಶೆಡ್ಡಿನ ಎದುರು ನಿಂತೆ. ಅಂಗಡಿಗಳ, ಬಸ್ಸುಗಳ ಬೋರ್ಡು ಬರೆಯುತ್ತಿದ್ದ ಅವರನ್ನು ನಾವೆಲ್ಲ ಹಾಗೆಯೇ ಕರೆಯುತ್ತಿದ್ದದ್ದು. ನಾಲ್ಕನೇ ಕ್ಲಾಸಿನಿಂದ ಏಳನೆಯ ತನಕ ನನ್ನ ಸಂಜೆಗಳೆಲ್ಲ ಆ ಶೆಡ್ಡಿನಲ್ಲೇ ಕಳೆದಿದ್ದವು. ಅವರು ಗೆರೆ ಹಾಕಿಟ್ಟ ಅಕ್ಷರಗಳಿಗೆ ನಾನು ಬಣ್ಣ ತುಂಬುತ್ತಿದ್ದೆ. ಹೈಸ್ಕೂಲು ಸೇರಿದ ಮೇಲೆ ಟ್ಯೂಶನ್ ಶುರುವಾಯಿತು, ಹೋಗುವುದು ನಿಂತಿತು. ಯಾರೂ ಬೇಡ ಎಂದದ್ದಲ್ಲ.

ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರ್ ಅಕ್ಷರಗಳು ಆಗಲೇ ಪಕ್ಕದ ಪೇಟೆ ಬಿ.ಸಿ. ರೋಡಿಗೆ ಬಂದಿದ್ದವು. ಮಾಮನಿಗೆ ಕೆಲಸ ಕಡಿಮೆಯಾಗಿತ್ತು. ಆ ದಿನ ಬಸ್ಸಿನ ಮುಂಗಾಜಿನ ಹಿಂದೆ ಇಡುವ ಒಂದು ತಗಡಿನ ಬೋರ್ಡು ಮಾತ್ರ ಇತ್ತು. ಬಿ.ಸಿ. ರೋಡ್, ಸಿದ್ಧಕಟ್ಟೆ ಎಂದು ಬರೆದಾಗಿತ್ತು. ನಾನು ನಿಂತೇ ಇದ್ದದ್ದನ್ನು ಕಂಡು, ಮೂಡಬಿದ್ರೆ ಮಾತ್ರ ಬಾಕಿ, ನೀನು ಅಲ್ಲಿಂದಲೇ ಬಂದವಳಲ್ಲವಾ, ಬರಿ ಎಂದು ಬ್ರಷ್ ಕೈಗಿತ್ತರು.

ನಾನು ಗೆರೆ ಹಾಕದೆ ಬರೆಯತೊಡಗಿದೆ. 'ಮೂಡಬಿ' ಎನ್ನುವಷ್ಟರಲ್ಲಿ ತಗಡು ಮುಗಿಯಿತು. 'ದ್ರೆ'ಗೆ ಜಾಗವಿಲ್ಲ. ಮಾಮ ಬೈಯಲಿಲ್ಲ. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಚಾಕ್‌ಪುಡಿ ಹಚ್ಚಿದ ದಾರವನ್ನು ಎಳೆದು ಬಿಟ್ಟು ಹೊಸ ಗೆರೆ ಮೂಡಿಸಿದರು.

"ಎಂಥ ಅವಸರ ನಿನಗೆ? ಇಲ್ಲಿ ಯಾರೂ ಬೆಲ್ ಹೊಡೆಯುವುದಿಲ್ಲ. ಕೊನೆಯ ಅಕ್ಷರ ಎಲ್ಲಿ ಕೂರ್ತದೆ, ಅದನ್ನು ಮೊದಲು ನೋಡು."

ಒಂದು ಪ್ರಶ್ನೆಗೆ ಒಂದು ನಿಮಿಷ ಎಂದು ಲೆಕ್ಕ ಹಾಕಿ ಬರೆದು ಬರೆದು ಕೈಗೆ ಓಟವೇ ಅಭ್ಯಾಸವಾಗಿತ್ತು. ಮೂರನೆಯ ಸಲ ಅಕ್ಷರಗಳು ಸರಿಯಾಗಿ ಕುಳಿತಾಗ ಮಧ್ಯಾಹ್ನವಾಗಿತ್ತು. ಬಟ್ಟೆ ತರಲು ಮರೆತಿದ್ದೆ.

ಮರುದಿನವೂ ಹೋದೆ. ಬೆಳೆದ ಹುಡುಗಿ ರಸ್ತೆ ಬದಿಯಲ್ಲಿ ಕೂತರೆ ಜನ ಏನು ಹೇಳಿಯಾರು ಎಂದು ಉಮ್ಮನಿಗೆ ಚಿಂತೆ. ಒಂದು ದಿನ ತಾವೇ ನೋಡಲು ಬಂದರು. ಶೆಡ್ಡಿಗೆ ತಾಗಿದ ಜಗಲಿಯಲ್ಲಿ ಮಾಮನ ಹೆಂಡತಿ ಬೀಡಿ ಕಟ್ಟುತ್ತಿದ್ದರು. "ನಾನು ಇಲ್ಲಿಯೇ ಉಂಟಲ್ಲ, ನೀವೂ ಕೂತುಕೊಳ್ಳಿ" ಎಂದರು. ಉಮ್ಮ ಕೂತರು, ಮಾತಿಗಿಳಿದರು, ಮನೆಗೆ ಹೊರಡಲು ನಾನೇ ಎಬ್ಬಿಸಬೇಕಾಯಿತು. ಶುಕ್ರವಾರ ದುಬೈಯಿಂದ ಫೋನ್ ಮಾಡಿದ ನನ್ನ ತಂದೆಗೆ, ಉಪ್ಪನಿಗೆ, ಉಮ್ಮ ಇದನ್ನು ಹೇಳಿದಾಗ, ಹಾಗಾದರೆ ಗೇಟಿನಲ್ಲಿ ಅಳಿಸಿಹೋದ ಮನೆಯ ಹೆಸರನ್ನು ಅವಳೇ ಬರೆಯಲಿ ಎಂದರಂತೆ. ಅದನ್ನು ಬರೆಯಲು ಎರಡು ದಿನ ತೆಗೆದುಕೊಂಡೆ. ಟೈಮ್‌ಟೇಬಲ್ ಎಲ್ಲಿ ಹೋಯಿತೋ ನೆನಪಿಲ್ಲ.

ಮಳೆ ಹಿಡಿದ ಮೇಲೆ ಸಿಇಟಿಯ ರ‍್ಯಾಂಕ್ ಬಂತು. ಮೆಡಿಕಲ್ ಸೀಟಿಗೆ ಅದು ಎಲ್ಲಿಯೂ ಸಾಲುತ್ತಿರಲಿಲ್ಲ. ಒಂದು ವಾರ ಅಳುತ್ತಾ ಕಳೆದೆ. ಶೆಡ್ಡಿಗೂ ಹೋಗಲಿಲ್ಲ. ಬಣ್ಣ ಮೆತ್ತುತ್ತಾ ಕೂತದ್ದರಿಂದಲೇ ಹೀಗಾಯಿತು ಎಂದು ನೆಂಟರೊಬ್ಬರು ಹೇಳಿದರು. ಪರೀಕ್ಷೆ ಮುಗಿದ ಮೇಲಲ್ಲವಾ ಅವಳು ಕೂತದ್ದು ಎಂದು ಉಮ್ಮ ಕೇಳಿದರು. ಕೊನೆಗೆ ಬೆಳ್ತಂಗಡಿಯಲ್ಲಿ ಬಿಎಸ್ಸಿ ಸೇರಿದೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ನಾನು ಪೈಂಟರ್ ಆಗಲಿಲ್ಲ, ಆಗುವ ಆಸೆಯೂ ಇರಲಿಲ್ಲ. ಆದರೆ ಆ ರಜೆಯ ನಂತರ ಬಿಡುವು ಎಂದರೆ ನನಗೆ ಭಯವಿಲ್ಲ. ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಪ್ರಾಣಿಗಳ ಮಾದರಿ ಇಟ್ಟ ಬಾಟಲಿಗಳ ಮೇಲಿನ ಚೀಟಿಗಳು ಮಾಸಿ ಓದಲಾಗದಂತಿದ್ದವು. ಉಪನ್ಯಾಸಕರನ್ನು ಕೇಳಿ, ಶನಿವಾರ ಮಧ್ಯಾಹ್ನಗಳಲ್ಲಿ ಒಂದೊಂದಾಗಿ ತೆಳು ಬ್ರಷ್ಷಿನಿಂದ ಹೊಸದಾಗಿ ಬರೆಯತೊಡಗಿದೆ. ಕಪ್ಪೆಯ ಬಾಟಲಿಗೆ ಬರೆಯುತ್ತಿದ್ದಾಗ ಸಹಪಾಠಿಯೊಬ್ಬಳು ಬಂದು, ಇದಕ್ಕೆ ಇಂಟರ್ನಲ್ ಮಾರ್ಕ್ಸ್ ಉಂಟಾ ಎಂದು ವಿಚಾರಿಸಿದಳು. ಇಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಬ್ಯಾಗು ಕೆಳಗಿಟ್ಟು, ಇನ್ನೊಂದು ಬ್ರಷ್ ಇದೆಯಾ ಎಂದು ಕೇಳಿದಳು.