ಅವ್ವ ಕಂಡ ಎರಡು ಬಿಲ್ಲು

ಅವ್ವನ ಬಲಗಣ್ಣಿನ ಪೊರೆ ತೆಗೆದ ಡಾಕ್ಟರು ಹಾಸನದ ಆಸ್ಪತ್ರೆಯಿಂದ ನಮ್ಮನ್ನು ಕಳಿಸುವಾಗ ಮೂರು ಮಾತು ಹೇಳಿದ್ದರು. ಒಂದು ತಿಂಗಳು ಬಗ್ಗಕೂಡದು, ಭಾರ ಎತ್ತಕೂಡದು. ಎರಡನೆಯದು, ಗಾಡಿಯಲ್ಲಿ ಕುಲುಕಾಡಕೂಡದು. ಮೂರನೆಯ ಮಾತನ್ನು ಅಪ್ಪನ ಮುಖ ನೋಡಿಕೊಂಡೇ ಹೇಳಿದರು. "ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಇಲ್ಲಾ ಒಂದು ಎರಡಾಗಿ ಕಂಡರೆ, ಒಂದೇ ಸಲ ಕಂಡು ಸರಿಹೋದರೂ ಸರಿ, ತಕ್ಷಣ ಕರೆದುಕೊಂಡು ಬನ್ನಿ. ತಡವಾದರೆ ಆ ಕಣ್ಣು ಹೋದ ಹಾಗೇ." ಎರಡನೆಯ ಮಾತಿಗೂ ಮೂರನೆಯದಕ್ಕೂ ಜಗಳ ಬಿದ್ದರೆ ಏನು ಮಾಡಬೇಕೆಂದು ಅವರು ಹೇಳಲಿಲ್ಲ. ನಮಗೂ ಕೇಳಲು ತೋಚಲಿಲ್ಲ.

ನಮ್ಮೂರು ಮಲ್ಲಿಪಟ್ಟಣದಿಂದಾಚೆ. ಯುದ್ಧದ ಕಾಲ ಅದು. ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ಅರಕಲಗೂಡಿನಿಂದ ಹಾಸನಕ್ಕೆ ಮನಸ್ಸು ಬಂದ ದಿನ ಹೊರಡುತ್ತಿತ್ತು. ಅವ್ವನನ್ನು ಊರಿಗೆ ತಂದದ್ದು ನಮ್ಮ ಗಾಡಿಯಲ್ಲೇ. ಮೊಣಕಾಲುದ್ದ ಹುಲ್ಲು ಹಾಸಿ, ಅಪ್ಪ ಎತ್ತುಗಳನ್ನು ಹಿಡಿದು ಮುಂದೆ ನಡೆದು, ಹಳ್ಳ ಬಂದಲ್ಲೆಲ್ಲ ನಿಲ್ಲಿಸಿ, ಎರಡು ದಿನ ತೆಗೆದುಕೊಂಡಿದ್ದರು.

ನಾನು ಅದಕ್ಕೆ ಮುಂಚೆ ಹಾಸನದಲ್ಲಿ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗುತ್ತಿದ್ದವಳು. ಅವ್ವನ ಎರಡು ಕಣ್ಣೂ ಮಂಜಾದ ಮೇಲೆ ನನ್ನನ್ನು ಶಾಲೆ ಬಿಡಿಸಿ ಒಲೆಯ ಮುಂದೆ ಕೂರಿಸಿದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುತ್ತಿದ್ದೆ. ಅದರ ಮೇಲೆ ಅನ್ನದಲ್ಲಿ ದಿನಾ ಕಲ್ಲು. ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದವಳು ಅಪ್ಪನ ತಾಯಿ, ನಮ್ಮಜ್ಜಿ. ಹಲ್ಲಿಗೆ ಕಲ್ಲು ಸಿಕ್ಕಿದಾಗ ಬೈಗುಳ ಮಾತ್ರ ನನಗೆ. ಅಜ್ಜಿಯೂ ಅಪ್ಪನ ಜೊತೆ ಸೇರಿ, "ಇವ್ಳಿಗೆ ಗ್ಯಾನವೆಲ್ಲ ಪುಸ್ತಕದ ಮ್ಯಾಲೆ" ಅನ್ನುತ್ತಿದ್ದಳು. ಅಜ್ಜಿಗೆ ಆಸ್ಪತ್ರೆಯೆಂದರೆ ಆಗದು. ಕಣ್ಣಿಗೆ ಕತ್ತಿ ತಾಗಿಸಿಕೊಂಡು ಯಾರೂ ಉದ್ಧಾರವಾಗಿಲ್ಲ ಅನ್ನುವುದು ಅವಳ ಕಡೇ ತೀರ್ಮಾನ.

ಊರಿಗೆ ಬಂದ ಐದಾರು ದಿನಕ್ಕೆ, ಸಂಜೆ ಒಂದು ಮಳೆ ಹೊಯ್ದು ಬಿಟ್ಟಿತ್ತು. ಮನೆಯ ಹಿಂದೆ ಪಡುವಣಕ್ಕೆ ಬಿಸಿಲು ಬಂದಿತ್ತು. ಎದುರಿಗೆ ಮೂಡಲಲ್ಲಿ ಇನ್ನೂ ಮಳೆಯ ಮೋಡ. ಅವ್ವ ದಪ್ಪ ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಅಜ್ಜಿ. ನಾನು ಹಿತ್ತಲ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ.

"ಕಾಮನಬಿಲ್ಲು! ಅಮ್ಮೀ, ಬಾರೆ, ಎಲ್ಡು ಬಿಲ್ಲು ಬಿದ್ದವೆ!" ಅಂತ ಅವ್ವ ಕೂಗಿದಳು. ಅವಳ ಗಂಟಲಲ್ಲಿ ಅಷ್ಟು ಸಂತೋಷ ಕೇಳಿ ವರ್ಷಗಳಾಗಿದ್ದವು. ನಾನು ಕೈ ತೊಳೆದು ಓಡಿಬರುವಷ್ಟರಲ್ಲಿ ಸೂರ್ಯನಿಗೆ ಮೋಡ ಅಡ್ಡ ಬಂದಿತ್ತು. ಮೂಡಲ ಆಕಾಶ ಬರೀ ಬೂದಿಬಣ್ಣ.

"ಎಲ್ಲವ್ವಾ?"

ಬೆರಳು ಚಾಚಿದರೆ ಕೊಳೆತುಹೋಗುತ್ತದೆಂದು ಕುಂಬಳದ ಹೀಚನ್ನು ತೋರಿಸುವಾಗ ಮಾಡುವಂತೆ ಅವ್ವ ಬೆರಳು ಮಡಿಸಿ ತೋರಿಸಿದಳು. "ಅಲ್ಲೇ ಇದ್ವು. ಒಂದರ ಮ್ಯಾಲೊಂದು. ಈಗ ವೋದ್ವು."

"ಎಲ್ಡೆಲ್ಲಿ ಬಂತು? ನಾನೂ ಇಲ್ಲೇ ಕುಂತಿವ್ನಲ್ಲ. ಒಂದೇ ಇದ್ದಿದ್ದು" ಅಂದಳು ಅಜ್ಜಿ.

ಅಂದ ಕೂಡಲೇ ಮೂವರಿಗೂ ಆಸ್ಪತ್ರೆಯ ಮಾತು ನೆನಪಾಯಿತು. ಬಣ್ಣದ ಬಳೆ. ಒಂದು ಎರಡಾಗಿ. ಡಾಕ್ಟರು ಹೇಳಿದ ಎರಡೂ ಒಟ್ಟಿಗೇ ಬಂದಿದ್ದವು. ಅವ್ವನ ಮುಖದ ಮೇಲಿನ ಸಂತೋಷ ಹೋಗುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದೆ.

ಅಷ್ಟರಲ್ಲಿ ಅಪ್ಪ ಹೊಲದಿಂದ ಎತ್ತು ಹೊಡೆದುಕೊಂಡು ಬಂದರು. ಅಜ್ಜಿ ಒಂದೇ ಉಸಿರಿಗೆ ಹೇಳಿದಳು. ಅಪ್ಪ ಒಳಗಿಂದ ದೀಪ ತಂದು ಅವ್ವನ ಮುಂದೆ ಹಿಡಿದರು.

"ಎಷ್ಟು?"

"ಒಂದೇ ಕಣ್ರೀ. ಬಳೆಗಿಳೆ ಏನೂ ಇಲ್ಲ."

"ಒಂದ್ಸಲ ಕಂಡು ಸರಿಯಾದ್ರೂ ಬನ್ನಿ ಅಂದವ್ರೆ" ಅಂದವರೇ ಅಪ್ಪ ದೀಪ ಕೆಳಗಿಟ್ಟು ಗಾಡಿಯ ಕಡೆ ಹೋದರು. ಹೊಲ ಉತ್ತು ಬಂದ ಎತ್ತುಗಳು. ಅವಕ್ಕೆ ನೀರೂ ಕುಡಿಸಿರಲಿಲ್ಲ. ಮಳೆಗೆ ರಸ್ತೆಯೆಲ್ಲ ಕೊರಕಲು. ಹಳ್ಳದಲ್ಲಿ ನೀರು ಎಷ್ಟಿದೆಯೋ ಯಾರಿಗೆ ಗೊತ್ತು. ನಿಧಾನ ಹೋದರೆ ತಡವಾಗುತ್ತದೆ, ಜೋರಾಗಿ ಹೊಡೆದರೆ ಹೊಲಿಗೆ ಹಾಕಿದ ಕಣ್ಣು ಗಾಡಿಯಲ್ಲೇ ಹಾಳಾಗುತ್ತದೆ. ಅಪ್ಪನಿಗೂ ಅದು ಗೊತ್ತಿತ್ತು. ಆದರೂ ನೊಗ ಎತ್ತಿ ಎತ್ತುಗಳ ಹೆಗಲಿಗೆ ಇಟ್ಟರು.

ನನಗೆ ಆಗ ನೆನಪಾದದ್ದು ಹಾಸನದ ವಿಜ್ಞಾನದ ಮೇಷ್ಟ್ರು. ಮಳೆಹನಿಯೊಳಕ್ಕೆ ಹೊಕ್ಕ ಬೆಳಕು ಬಾಗಿ, ಒಡೆದು ಬಣ್ಣವಾಗಿ, ಹನಿಯ ಹಿಂದಿನ ಗೋಡೆಗೆ ಒಂದು ಸಲ ಬಡಿದು ತಿರುಗಿ ಬಂದರೆ ಒಂದು ಬಿಲ್ಲು. ಸ್ವಲ್ಪ ಬೆಳಕು ಎರಡು ಸಲ ಬಡಿದು ಬರುತ್ತದೆ. ಅದು ಮೇಲೆ ಇನ್ನೊಂದು ಬಿಲ್ಲಾಗುತ್ತದೆ. ಎರಡು ಸಲ ಬಡಿಯುವುದರಲ್ಲಿ ಬೆಳಕು ಸೋರಿಹೋಗಿ ಅದು ಮಂಕು. ಬಣ್ಣಗಳೂ ತಿರುಗುಮುರುಗು. ನಾನು ನೋಟ್‌ಬುಕ್ಕಿನಲ್ಲಿ ಎರಡಕ್ಕೂ ಕೆಂಪನ್ನು ಮೇಲೇ ಬರೆದು, ಬೆಂಚಿನ ಮೇಲೆ ನಿಂತು, ಹತ್ತು ಸಲ ತಿದ್ದಿ ಬರೆದಿದ್ದೆ. ಮರೆಯುವ ಪಾಠವಲ್ಲ. ಆದರೆ ಆ ಎರಡನೆಯ ಬಿಲ್ಲನ್ನು ಆಕಾಶದಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ.

"ಅಪ್ಪಾ, ಒಂದು ಗಳಿಗೆ ನಿಲ್ಲಿ" ಅಂದೆ.

"ಏನಮ್ಮಿ ನಿಂದು?"

ಉತ್ತರ ಕೊಡದೆ ಅವ್ವನ ಮುಂದೆ ಕೂತೆ. ಸರಿಯಾದ ಉತ್ತರ ಯಾವುದೆಂದು ಅವಳಿಗೆ ನನ್ನ ದನಿಯಲ್ಲೂ ಗೊತ್ತಾಗಬಾರದು. ಮತ್ತೆ ಆಸ್ಪತ್ರೆಗೆ ಹೋಗುವುದು ತಪ್ಪುತ್ತದೆಂದರೆ ನಮ್ಮವ್ವ ಏನು ಬೇಕಾದರೂ ಹೇಳುವವಳೇ.

"ಕೆಳಗಿನ ಬಿಲ್ಲಲ್ಲಿ ಮೇಲ್ಗಡೆ ಅಂಚು ಯಾವ ಬಣ್ಣ ಇತ್ತವ್ವ?"

"ಕೆಂಪು."

"ಮೇಲಿಂದ್ರಲ್ಲಿ?"

ಅವ್ವ ಕಣ್ಣು ಮುಚ್ಚಿಕೊಂಡಳು. ಅದಕ್ಕೂ ಕೆಂಪು ಅಂದರೆ ಕಣ್ಣು ಕೆಟ್ಟಿದೆ, ಗಾಡಿ ಹೊರಡಬೇಕು.

"ಮ್ಯಾಲಿಂದು ಅಂಗಿರ್ನಿಲ್ಲ. ಅದರ ಕೆಂಪು ಕೆಳಕ್ಕಿತ್ತು. ಎಲ್ಡು ಸೀರೆ ಅಂಚಿಗೆ ಅಂಚು ಎದುರಾಗಿ ಹರಡಿದಂಗೆ, ಎಲ್ಡು ಕೆಂಪೂ ಎದುರುಬದರು. ನಡುವೆ ಮಾತ್ರ ಮೋಡ ಕಪ್ಪಗಿತ್ತು ಕಣಮ್ಮಿ, ಮಿಕ್ಕ ಕಡೆಗಿಂತ್ಲೂ ಕಪ್ಪಗೆ."

ಆ ಕಪ್ಪು ಪಟ್ಟಿಯನ್ನು ನಾನು ಕೇಳಿರಲೇ ಇಲ್ಲ. ಮೇಷ್ಟ್ರು ಅದನ್ನೂ ಹೇಳಿದ್ದರು, ನನಗೆ ಮರೆತುಹೋಗಿತ್ತು. ಅವ್ವನ ಬಾಯಿಂದ ಬಂದಾಗ ನಾನು ಅಳತೊಡಗಿದೆ.

"ಅವ್ವನ ಕಣ್ಣು ಸರಿಯಾಗೈತೆ, ಅಪ್ಪಾ. ಬಿಲ್ಲು ಎರಡಿದ್ದದ್ದು ನಿಜ."

"ಪುಸ್ತಕ ನಂಬ್ಕೊಂಡು ಕಣ್ಣು ಕಳ್ಕೊಳ್ಳಾನ ಅಂತೀಯಾ?" ಅಪ್ಪ ಗದರಿದರು.

ನನಗೂ ರೇಗಿತು. "ಎಂಡ ಕುಡಿದೋನಿಗೆ ಒಂದೆತ್ತು ಎರಡಾಗಿ ಕಾಣ್ತದೆ. ಅದರಲ್ಲೊಂದು ಕಾಲು ಮೇಲೆ ಮಾಡ್ಕೊಂಡು ನಿಂತಿರೋದು ಯಾರಿಗಾದ್ರೂ ಕಂಡೈತಾ? ಕಣ್ಣು ಕೆಟ್ಟು ಎರಡಾಗಿದ್ರೆ ಎರಡೂ ಒಂದೇ ಥರ ಇರ್ಬೇಕಿತ್ತು. ಅವ್ವ ತಲೆಕೆಳಗಾದ ಬಿಲ್ಲು ಕಂಡವಳೆ. ಅದನ್ನ ಊಹೆ ಮಾಡಿ ಹೇಳಾಕೆ ಆಗಲ್ಲ."

ಅಪ್ಪ ಎತ್ತಿನ ಕುತ್ತಿಗೆಯ ಮೇಲೆ ಕೈಯಿಟ್ಟರು. ಅವ್ವನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನೊಗ ಇಳಿಸಿ ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋದರು. ಗೆದ್ದೆ ಅಂತ ನನಗೆ ಅನ್ನಿಸಲಿಲ್ಲ. ಅವ್ವನ ಕಣ್ಣನ್ನು ನನ್ನ ಒಂದು ಪಾಠದ ಮೇಲೆ ಪಣ ಇಟ್ಟಿದ್ದೆ.

ಬೆಳಿಗ್ಗೆ ಅವ್ವ ಎದ್ದು, ಬಾಗಿಲಲ್ಲಿ ನಿಂತು, ಎದುರು ಮನೆಯ ಸೂರಿನ ಮೇಲೆ ಕೂತ ಗುಬ್ಬಿಗಳನ್ನು ಎಣಿಸಿ ಹೇಳಿದಳು. ಐದು. ನಾನೂ ಎಣಿಸಿದೆ. ಐದೇ ಇದ್ದವು.

ಅಜ್ಜಿ ನಡುಮನೆಯಲ್ಲಿ ಮೊರದ ಮುಂದೆ ಕೂತಿದ್ದಳು, ಅಕ್ಕಿ ಮುಟ್ಟಿರಲಿಲ್ಲ. ನಾನು ಅವಳ ಮೇಲೆ ಕೆಂಡದಂಥ ಕೋಪ ಇಟ್ಟುಕೊಂಡೇ ಹತ್ತಿರ ಹೋದೆ. ಅವಳ ಒಂದು ಮಾತಿಗೆ ಅವ್ವ ಗಾಡಿ ಹತ್ತಬೇಕಾಗಿತ್ತು.

"ಎಲ್ಡಿದ್ದದ್ದು ನಿಜವೇನಮ್ಮಿ?" ಅಂತ ಮೆಲ್ಲಗೆ ಕೇಳಿದಳು.

"ನಿಜ. ನಿನಗೆ ಯಾಕಜ್ಜಿ ಒಂದೇ ಕಂಡದ್ದು? ಮೇಲಿಂದು ಮಂಕಾಗಿತ್ತಾ?"

ಅಜ್ಜಿ ಮೊರವನ್ನು ನನ್ನ ಕಡೆ ತಳ್ಳಿದಳು.

"ನಂಗೆ ಒಂದೂ ಕಾಣ್ನಿಲ್ಲ ಕಣಮ್ಮಿ" ಅಂದಳು. "ನಿಮ್ಮವ್ವ ಬಿಲ್ಲು ಅಂದ್ಲು. ಬಿಲ್ಲು ಯಾವಾಗ್ಲೂ ಒಂದೇ ಅಲ್ವಾ ಅಂತ ಒಂದು ಅಂದ್ಬುಟ್ಟೆ."

ನಾನು ಮೊರ ಎಳೆದುಕೊಂಡು ಅಕ್ಕಿ ಆರಿಸತೊಡಗಿದೆ. ಮೇಲ್ಮೇಲೆಯೇ ಕಲ್ಲುಗಳಿದ್ದವು.