ಪರದೆಯ ಮೇಲೆ ಹರಿದ ಎಳೆ

ಅತ್ತೆಯ ಬಲಗಣ್ಣಿನ ಪೊರೆ ತೆಗೆಸಲೇಬೇಕೆಂದು ಹಠ ಹಿಡಿದವಳು ನಾನು. ಎಡಗಣ್ಣು ಆಕೆಗೆ ಚಿಕ್ಕಂದಿನಿಂದಲೇ ಇಲ್ಲ. ಉಳಿದ ಒಂದಕ್ಕೂ ಕತ್ತರಿ ಹಾಕಿಸುವುದೇ ಎಂದು ಮನೆಮಂದಿಯೆಲ್ಲ ಹೌಹಾರಿದರು. ಆದರೆ ಆಕೆ ನೀಲಿ ಅಂಚಿನ ಸೀರೆಗೆ ಗೇಣುದ್ದ ಹಸಿರು ರೇಷ್ಮೆ ನೇಯ್ದು ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಹೆಚ್ಚುಕಮ್ಮಿ ಆದರೆ ನನ್ನ ತಲೆಗೆ ಕಟ್ಟಿ ಎಂದು ಗಂಡನ ಮೇಲೆ ಹಾರಾಡಿ, ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಿಸಿದೆ. ನನ್ನ ಬಾಯಿಯೇ ಹಾಗೆ, ಮುಂದೆ ಓಡಿಬಿಡುತ್ತದೆ. ಬುದ್ಧಿ ಏದುಸಿರು ಬಿಡುತ್ತ ಹಿಂದಿನಿಂದ ಬರುತ್ತದೆ.

ಪೊರೆ ತೆಗೆದ ಮೇಲೆ ಯಾರು ಕೇಳಿದರೂ ಅತ್ತೆಯದು ಒಂದೇ ಮಾತು, ಚೆನ್ನಾಗಿ ಕಾಣ್ತೈತೆ. ಹಾಗೆಂದವರು ಮರುಗಳಿಗೆಯಲ್ಲೇ ಹೊಸ್ತಿಲು ಎಡವುತ್ತಿದ್ದರು. ಚೊಂಬಿನ ನೀರು ಲೋಟ ಬಿಟ್ಟು ಪಕ್ಕಕ್ಕೆ ಬೀಳುತ್ತಿತ್ತು. ಮೊದಲ ತಪಾಸಣೆಯಲ್ಲಿ ಗೋಡೆಯ ಮೇಲಿನ ಗುರುತುಗಳು ಯಾವ ಕಡೆ ತಿರುಗಿವೆ ಎಂದು ಸರಸರನೆ ಹೇಳಿ ಭೇಷ್ ಎನ್ನಿಸಿಕೊಂಡರು. ನನಗೆ ಮಾತ್ರ ನಂಬಿಕೆ ಬರಲಿಲ್ಲ. ನಾವು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದಾಗ ಒಳಗಿದ್ದವರ ಉತ್ತರಗಳೆಲ್ಲ ನಮ್ಮ ಕಿವಿಗೆ ಬೀಳುತ್ತಿದ್ದವು. ಒಮ್ಮೆ ಕೇಳಿದ್ದನ್ನು ಮರೆಯುವ ಹೆಂಗಸಲ್ಲ ಆಕೆ.

ಮಗ್ಗಕ್ಕೆ ಕೂರಿಸಿ ಪರೀಕ್ಷಿಸೋಣವೆಂದರೆ ಅದನ್ನೂ ನೆಚ್ಚುವಂತಿರಲಿಲ್ಲ. ಮೊಳಕಾಲ್ಮೂರಿನಲ್ಲಿ ಐವತ್ತು ವರ್ಷ ರೇಷ್ಮೆ ನೇಯ್ದ ಕೈ ಅದು. ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಅಂಗೈ ಸವರಿದರೆ ಸಾಕು, ಎಳೆ ಎಲ್ಲಿ ಹರಿದಿದೆಯೆಂದು ಬೆರಳೇ ಹೇಳುತ್ತಿತ್ತು. ಮೂರು ವಾರವಾದರೂ ಆಕೆಗೆ ಕಣ್ಣು ಬಂತೋ ಹೋಯಿತೋ ತಿಳಿಯುವ ದಾರಿಯೇ ನನಗೆ ಕಾಣಲಿಲ್ಲ. ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಚಳ್ಳಕೆರೆಯಲ್ಲಿ ನಾನು ಪಾಠ ಮಾಡುವ ಕಾಲೇಜಿನಲ್ಲಿ ತಿಂಗಳಿಗೊಂದು ಒಳ್ಳೆಯ ಸಿನಿಮಾ ತೋರಿಸುವ ಉಸಾಬರಿಯೂ ನನ್ನದೇ. ಆ ಶನಿವಾರ ಬೆಳಿಗ್ಗೆ ಅದೇ ಊರಿನ ಆಸ್ಪತ್ರೆಯಲ್ಲಿ ಅತ್ತೆಯ ಎರಡನೇ ತಪಾಸಣೆ, ಮಧ್ಯಾಹ್ನ ಸಿನಿಮಾ. ಎಲ್ಲ ಸರಿಯಾಗಿದೆ ಎಂದು ಡಾಕ್ಟರು ಈ ಸಲವೂ ಅಂದರು. ನಾನು ಈ ಸಲವೂ ನಂಬಲಿಲ್ಲ. ಆಕೆಯನ್ನು ಒಬ್ಬರನ್ನೇ ಬಸ್ಸು ಹತ್ತಿಸಲು ಧೈರ್ಯವಾಗದೆ, ಕರೆದುಕೊಂಡು ಹೋಗಿ ಸಭಾಂಗಣದ ಮುಂದಿನ ಸಾಲಿನಲ್ಲಿ ಕೂರಿಸಿ ಪಕ್ಕದಲ್ಲಿ ಕೂತೆ.

ಜಪಾನಿ ಚಿತ್ರ. ಆರಿಸಿದ್ದು ಕುದಾಪುರದ ವಿಜ್ಞಾನ ಕೇಂದ್ರದಿಂದ ನಮ್ಮ ಸಿನಿಮಾಕ್ಕೆ ಬರುತ್ತಿದ್ದ ಒಬ್ಬ ವಿಜ್ಞಾನಿ. ಬೆಟ್ಟದ ಬುಡದಲ್ಲೊಂದು ಮನೆ, ಮನೆಯಲ್ಲೊಬ್ಬ ಹೆಂಗಸು, ಹೆಂಗಸಿನ ಮುಂದೊಂದು ಮಗ್ಗ. ಅಷ್ಟೇ. ಸಂಗೀತವಿಲ್ಲ. ಕ್ಯಾಮೆರಾ ನೆಟ್ಟ ಗೂಟದ ಹಾಗೆ ಒಂದೇ ಕಡೆ. ಆಕೆ ಕಾಲು ಗಂಟೆಗೊಮ್ಮೆ ಬಾಯಿ ಬಿಟ್ಟರೆ ನಮ್ಮ ಪುಣ್ಯ. ಹುಡುಗರು ಮೊಬೈಲು ತೆಗೆದರು. ಹಿರಿಯ ಅಧ್ಯಾಪಕರೊಬ್ಬರು ಗೊರಕೆಗೆ ಇಳಿದರು. ಮಗಳನ್ನು ಕರೆದೊಯ್ಯಲು ಪರಶುರಾಂಪುರದಿಂದ ಬಂದಿದ್ದ ರೈತರೊಬ್ಬರು ನನ್ನ ಹತ್ತಿರ ಬಗ್ಗಿ, ಸೌಂಡು ಕೆಟ್ಟೈತೇನ್ರಿ ಎಂದು ಮರ್ಯಾದೆಯಿಂದಲೇ ಕೇಳಿದರು. ಕೆಟ್ಟಿಲ್ಲ, ಸಿನಿಮಾನೇ ಹಿಂಗೆ ಅಂದೆ. ಪಾಪದವಳು ಎಂಬಂತೆ ನೋಡಿ ಹೋಗಿ ಕೂತರು.

ನಾನು ಸಿನಿಮಾ ನೋಡುತ್ತಿರಲಿಲ್ಲ, ಅತ್ತೆಯ ಮುಖ ನೋಡುತ್ತಿದ್ದೆ. ದೃಷ್ಟಿ ನೆಟ್ಟಗೆ ಪರದೆಯ ಮೇಲಿತ್ತು. ಕಾಣದವರೂ ಹಾಗೆಯೇ ಕೂರುತ್ತಾರಲ್ಲ ಎಂದುಕೊಂಡೆ.

ಚಿತ್ರದ ನಡುವೆ ನಿರ್ದೇಶಕ ಮಗ್ಗದ ಸದ್ದನ್ನೂ ತೆಗೆದುಬಿಟ್ಟಿದ್ದ. ಬಿಳಿ ಹಾಸು, ಬಿಳಿ ಹೊಕ್ಕು, ಲಾಳಿ ಸದ್ದಿಲ್ಲದೆ ಅತ್ತಿಂದಿತ್ತ ಓಡುತ್ತಿತ್ತು. ಆಗ ಅತ್ತೆ ಕುರ್ಚಿಯಿಂದ ಅರ್ಧ ಎದ್ದು, ಪರದೆಯ ಹೆಂಗಸಿಗೆ ಮನೆಯ ತೆಲುಗಿನಲ್ಲಿ ಗದರಿದರು.

"ಪೋಗು ತೆಗಿಂದೇ! ಆಪು!"

ಎಳೆ ಹರಿಯಿತು, ನಿಲ್ಲಿಸು ಎಂದು. ಸಭಾಂಗಣವೆಲ್ಲ ಗೊಳ್ಳೆಂದಿತು. ನಾನೂ ಪರದೆಯನ್ನು ಕಣ್ಣು ಕಿರಿದುಮಾಡಿ ನೋಡಿದೆ, ಬಿಳಿಯ ಮೇಲೆ ಬಿಳಿ, ನನಗೇನೂ ಕಾಣಲಿಲ್ಲ. ಅತ್ತೆ ಕೂರಲೊಲ್ಲರು. ಎಡಗಡೆ, ಅಂಚಿನಿಂದ ನಾಕು ಬೆರಳು ಒಳಗೆ ಎಂದು ಕೈ ಚಾಚಿ ತೋರಿಸಿದರು. ಆ ಹೆಂಗಸು ಮಾತ್ರ ನೇಯುತ್ತಲೇ ಇದ್ದಳು. ನಗು ತಾನಾಗಿ ಅಡಗಿತು. ಹುಡುಗರು ಮೊಬೈಲು ಕೆಳಗಿಟ್ಟು ಮುಂದಕ್ಕೆ ಬಗ್ಗಿದರು. ಆಮೇಲೆ ಪರದೆಯ ಮೇಲೆ ಲಾಳಿ ನಿಂತಿತು. ಆಕೆ ಬಾಗಿದಳು. ಎಡಗಡೆ, ಅಂಚಿನಿಂದ ನಾಲ್ಕು ಬೆರಳು ಒಳಗೆ, ತುಂಡಾದ ಎಳೆಯನ್ನು ಹುಡುಕಿ ಗಂಟು ಹಾಕಿದಳು.

"ಹೌದಲ್ರೀ," ಅಂದರು ಪರಶುರಾಂಪುರದವರು.

ಪರದೆಯನ್ನು ಅಂಗೈಯಿಂದ ಸವರಲಾಗುವುದಿಲ್ಲ. ಪಕ್ಕದಲ್ಲಿ ಕೂತು ಉತ್ತರ ಹೇಳಿಕೊಡುವವರೂ ಇರಲಿಲ್ಲ. ಹಾಗಾದರೆ ಅತ್ತೆಗೆ ಕಾಣುತ್ತದೆ! ನನ್ನ ಎದೆಯ ಮೇಲೆ ಕೂತಿದ್ದ ಬೀಸುಕಲ್ಲನ್ನು ಯಾರೋ ಎತ್ತಿ ಇಳಿಸಿದಂತಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಾನು ಅತ್ತುಬಿಟ್ಟೆ. ಸಿನಿಮಾ ಅಷ್ಟೊಂದು ತಟ್ಟಿತೇ ಎಂದು ವಿಜ್ಞಾನಿ ಆಮೇಲೆ ಕೇಳಿದರು. ಹೌದು ಅಂದೆ. ಮೂರು ಸಲ ನೋಡಿದ್ದ ಅವರಿಗೂ ಆ ಎಳೆ ಮೊದಲೇ ಕಂಡಿರಲಿಲ್ಲವಂತೆ. ಬೇರೆ ತಿಂಗಳು ಸಿನಿಮಾ ಮುಗಿದರೆ ಎದ್ದು ಓಡುತ್ತಿದ್ದ ಜನ ಅವತ್ತು ಅತ್ತೆಯ ಸುತ್ತ ನಿಂತರು. ಆ ಹೆಂಗಸಿಗೆ ನೇಯ್ಗೆ ನಿಜವಾಗಿ ಬರುತ್ತದಾ ಎಂದು ಹುಡುಗಿಯೊಬ್ಬಳು ಕೇಳಿದಳು. ಬರ್ತೈತೆ, ಆದರೆ ಗ್ಯಾನ ಮಗ್ಗದ ಮೇಲಿಲ್ಲ, ಮನೆಯಲ್ಲಿ ಏನೋ ನೋವೈತೆ ಎಂದರು ಅತ್ತೆ. ಚಿತ್ರದ ಕತೆಯೂ ಅದೇ ಆಗಿತ್ತು.

ಊರಿಗೆ ಮರಳುವ ಬಸ್ಸು ತಳಕು ದಾಟಿದ ಮೇಲೆ ನಾನು ನೇರವಾಗಿ ಕೇಳಿಯೇಬಿಟ್ಟೆ. ಮೊದಲಿಂದಲೂ ಕಾಣುತ್ತಿದ್ದರೆ ಹೊಸ್ತಿಲು ಯಾಕೆ ಎಡವುತ್ತಿದ್ದಿರಿ?

ಅತ್ತೆ ಕಿಟಕಿಯ ಕಡೆಯಿಂದ ನನ್ನತ್ತ ತಿರುಗಿದರು.

"ಎಂಟು ದಿನದಿಂದ ಕಾಣ್ತೈತೆ ಕಣವ್ವ. ಅದಕ್ಕೂ ಮುಂಚೆ ಬರೀ ಹೊಗೆ."

ಮತ್ತೆ ಚೆನ್ನಾಗಿ ಕಾಣ್ತೈತೆ ಅಂತ ಊರಿಗೆಲ್ಲ ಹೇಳಿದ್ದು? ಡಾಕ್ಟರಿಗೂ ಸುಳ್ಳು ಹೇಳಿದ್ದು? ನನ್ನ ದನಿ ಏರಿತು. ಮುಂದಿನ ಸೀಟಿನವರು ತಿರುಗಿ ನೋಡಿದರು.

"ನನ್ನ ತಲೆಗೆ ಕಟ್ರಿ ಅಂದಿದ್ಯಲ್ಲ ನೀನು. ಕಣ್ಣು ಹೋಯ್ತು ಅಂದಿದ್ರೆ ಮನೆಯೋರು ಕಟ್ಟೇ ಬಿಡೋರು. ಕೈ ಐತಲ್ಲ, ಸಾಯೋತನಕ ಸವರಿಕೊಂಡೇ ನೇಯ್ದು ತೋರಿಸ್ತೀನಿ, ಯಾರಿಗೂ ತಿಳಿಯೋದು ಬ್ಯಾಡ ಅಂತಿದ್ದೆ."

ಬೈಯಲೆಂದು ತೆರೆದ ಬಾಯಿ ಮುಚ್ಚಿ, ಆ ಕೈಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ.