ಅಣ್ಣನ ಸ್ಟಿಕ್ಕು, ನನ್ನ ಬೀಸು

ನಾನು ಪಾಂಡವಪುರದ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಐವತ್ತರ ಹತ್ತಿರ ಬಂದಾಗ ಗಾಲ್ಫಿನ ಹುಚ್ಚು ಹತ್ತಿತು. ಸೈನ್ಯದಿಂದ ನಿವೃತ್ತನಾಗಿ ಶ್ರೀರಂಗಪಟ್ಟಣದ ಬಳಿ ಬೇಸಾಯ ನೋಡಿಕೊಂಡಿದ್ದ ಅಣ್ಣ, ತಾನು ಆಡುತ್ತಿದ್ದ ಗಾಲ್ಫ್ ಸ್ಟಿಕ್ಕುಗಳನ್ನು ನನಗೆ ಕೊಟ್ಟುಬಿಟ್ಟ. ಭತ್ತ ಕುಯ್ದ ಅವನ ಗದ್ದೆಯೇ ನಮ್ಮ ಮೈದಾನ. ಕರಿಘಟ್ಟದ ಕಡೆಗೆ ಮುಖ ಮಾಡಿ ಹೊಡೆಯುತ್ತಿದ್ದೆ.

ಚೆಂಡು ಮೇಲೇಳುತ್ತಲೇ ಇರಲಿಲ್ಲ. ಬಲಕ್ಕೆ ಹೊರಳಿ ಪಕ್ಕದವರ ಕಬ್ಬಿನೊಳಗೆ ಸೇರುತ್ತಿತ್ತು.

“ಬೀಸು ಸಾಲ್ದು ಕಣವ್ವ. ಇನ್ನೂ ಜೋರಾಗಿ ಬೀಸು,” ಅನ್ನುತ್ತಿದ್ದ ಅಣ್ಣ.

ಮಕ್ಕಳಿಗೆ ಗುಂಡೆಸೆತ ಕಲಿಸುವವಳು ನಾನು, ಬಿಡುತ್ತೇನೆಯೇ? ಶಾಲೆಗೆ ಹೊರಡುವ ಮೊದಲು ದಿನಾ ಬೀಸಿದೆ. ಮಣಿಕಟ್ಟು ಊದಿತೇ ಹೊರತು ಚೆಂಡು ನೇರವಾಗಲಿಲ್ಲ.

ಕೊನೆಗೆ ಸ್ಟಿಕ್ಕು ಹಿಡಿದು ಮೈಸೂರಿನ ಗಾಲ್ಫ್ ಸಾಮಾನಿನ ಅಂಗಡಿಯೊಂದಕ್ಕೆ ಹೋದೆ. ಬೀಸಿನ ವೇಗ ಅಳೆಯುವ ಯಂತ್ರದ ಮುಂದೆ ಅಂಗಡಿಯವರು ನನ್ನಿಂದ ಹತ್ತು ಚೆಂಡು ಹೊಡೆಸಿದರು.

“ಮೇಡಂ, ಈ ಸ್ಟಿಕ್ಕಿನ ಉಕ್ಕಿನ ದಂಡ ನಿಮ್ಮ ವೇಗಕ್ಕೆ ಬಾಗೋದೇ ಇಲ್ಲ. ಅದಕ್ಕೇ ಚೆಂಡು ಬಲಕ್ಕೆ ಹೋಗ್ತಿದೆ. ಉದ್ದನೂ ಜಾಸ್ತಿ.”

“ಅಂದ್ರೆ ನನಗೆ ಶಕ್ತಿ ಇಲ್ಲ ಅಂತೀರಾ?”

“ಅಳತೆ ಬೇರೆ ಅಂತೀನಿ. ಅಣ್ಣನ ಬೂಟು ಹಾಕ್ಕೊಂಡು ಓಡ್ತೀರಾ?”

ಮಾತು ಸರಿಯೇ ಅನ್ನಿಸಿತು. ಆದರೆ ಅಣ್ಣನಿಗೆ ಹೇಳುವುದು ಹೇಗೆ? ಆ ಸ್ಟಿಕ್ಕುಗಳನ್ನು ಅವನು ಊರೂರಿಗೆ ಹೊತ್ತು ತಿರುಗಿದ್ದ. ಸಂಜೆ ಹೋಗಿ ಹೇಳಿದಾಗ ಒಂದನ್ನು ಕೈಗೆತ್ತಿಕೊಂಡು ಅದರ ದಂಡ ಬಗ್ಗಿಸಿ ನೋಡಿದ.

“ದಂಡ ಬದ್ಲಾಯಿಸ್ಬುಡು. ಜೋರಾಗಿ ಬೀಸು ಅಂತ ನಾನೇ ನಿನ್ ಕೈ ಕೆಡಿಸ್ಬುಟ್ಟೆ,” ಅಂದ.

ಮಣಿಕಟ್ಟಿನ ಊತ ಇಳಿಯುವಷ್ಟರಲ್ಲಿ ಅವೇ ಸ್ಟಿಕ್ಕುಗಳಿಗೆ ಹಗುರವಾದ, ಬಳುಕುವ, ಗಿಡ್ಡ ದಂಡಗಳು ಬಂದವು. ಚೆಂಡು ಈಗ ಎಡಕ್ಕೆ ಓಡತೊಡಗಿತು! ಬಳುಕುವ ದಂಡವನ್ನೂ ಹಳೆಯ ಜೋರಿನಲ್ಲೇ ಬೀಸುತ್ತಿದ್ದೆ. ಅಷ್ಟು ದಿನ ಕಲಿತದ್ದನ್ನು ಬಿಡಬೇಕಿತ್ತು. ಹಠ ಹಿಡಿದು, ದಿನಕ್ಕೆ ಇಪ್ಪತ್ತೇ ಚೆಂಡು, ನಿಧಾನಕ್ಕೆ ಹೊಡೆದೆ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಚೆಂಡು ಎತ್ತರಕ್ಕೆದ್ದು, ಮೂರು ಬದು ದಾಟಿ ನೆಟ್ಟಗೆ ಬಿತ್ತು. ಹೊಡೆದದ್ದು ಕೈಗೆ ಗೊತ್ತೇ ಆಗಲಿಲ್ಲ.

ಅಣ್ಣ ಸ್ಟಿಕ್ಕು ಇಸಿದುಕೊಂಡು ತಾನೂ ಒಂದು ಹೊಡೆದ. ಚೆಂಡು ಎಡಕ್ಕೆ ಹಾರಿ ನಾಲೆಗೆ ಬಿತ್ತು.

“ನಂಗ್ ಒಗ್ಗಾಕಿಲ್ಲ ಕಣವ್ವ, ಇದು ನಿಂದೇಯ,” ಎಂದು ನಕ್ಕ.

ಆ ವಾರವೇ ಮೈಸೂರಿನ ಹೆಂಗಸರ ಸ್ಪರ್ಧೆಯೊಂದಕ್ಕೆ ಹೆಸರು ಕೊಟ್ಟೆ. ಕೊನೆಯಿಂದ ಮೂರನೆಯವಳಾದೆ. ಮುಂದಿನದಕ್ಕೂ ಅಲ್ಲೇ ಹೆಸರು ಬರೆಸಿ ಬಂದೆ.